ಆಚೆ ದಂಡೆ

ಎಂಟನೇ ಇಯತ್ತೆ, ಭೂಗೋಳ, ಊಟದ ಬಿಡುವು ಮುಗಿದ ಮೇಲಿನ ತಾಸು.
ಹಲಗೆಯ ಮೇಲೊಂದು ದೊಡ್ಡ ಸರೋವರ ಬರೆದೆ,
ಸುಣ್ಣದ ಕಡ್ಡಿ ಮುರಿಯಿತು,
ಅರ್ಧಕ್ಕೇ ನಿಂತಿತು ನೀರು.

ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ.
ನೀರು ಹಾಗಲ್ಲ,
ಸಿಟ್ಟು ಬರುವುದೂ ತಡ, ಇಳಿಯುವುದೂ ತಡ.
ಬೇಸಗೆಯ ಬಿಸಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು
ಕಾರ್ತೀಕ ಕಳೆದರೂ ಬೆಚ್ಚಗೆ ಮಲಗಿರುತ್ತದೆ.
ಆಗ ಬಡಗಣದಿಂದ ಒಂದು ಒಣ ಗಾಳಿ,
ಬರಿಗೈಯಲ್ಲಿ ಬಂದದ್ದು,
ನೀರಿನ ಮೇಲೆ ಹಾದು ಜೋಳಿಗೆ ತುಂಬಿಕೊಂಡು
ಆಚೆ ದಂಡೆಯಲ್ಲಿ ಕೊಡವುತ್ತದೆ:
ಮೊಣಕಾಲುದ್ದ, ಎದೆಯುದ್ದ, ಬಾಗಿಲು ಮುಚ್ಚುವಷ್ಟು ಹಿಮ.
ಈಚೆ ದಂಡೆಯಲ್ಲಿ ಬರೀ ಬಿಸಿಲು.
ಈ ಮನೆಯಲ್ಲಿ ಉಂಡು
ಆ ಮನೆಯಲ್ಲಿ ಕೈ ತೊಳೆದ ಹಾಗೆ.

ನಕ್ಕರು. ಝರೆಪ್ಪ ನಗಲಿಲ್ಲ.
‘ಹಿಮ ಅಂದ್ರ ಹ್ಯಾಂಗಿರ್ತದ್ರಿ ಸರ್?’

ನಾನೂ ಕಂಡವನಲ್ಲ.
ಹಳ್ಳಿಖೇಡದ ಸ್ಟ್ಯಾಂಡಿನಲ್ಲಿ ಮೌಲಾನಸಾಬನ ಕುಲ್ಫಿ ಪೆಟ್ಟಿಗೆಯ
ಒಳಗೋಡೆಗೆ ಹಿಡಿದ ಬಿಳಿ ಬೂಷ್ಟನ್ನು
ಉಗುರಿನಿಂದ ಕೆರೆದದ್ದಷ್ಟೇ ಗೊತ್ತು.
ಅದನ್ನೇ ಹೇಳಿದೆ. ಮಂಜು ಅಂತ ಬರಕೋ, ಎಂದೆ.
ಬಡವರ ಟ್ರಂಕಿನ ಹಾಗೆ ನಮ್ಮ ಆ ಒಂದು ಪದ:
ಹಿಮವನ್ನೂ ಅದರಲ್ಲೇ ಇಟ್ಟಿದ್ದೇವೆ,
ಹೊಗೆಯಂತೆ ಕವಿಯುವುದನ್ನೂ, ಹುಲ್ಲಿನ ಹನಿಯನ್ನೂ;
ಅವಸರಕ್ಕೆ ಕೈಗೆ ಯಾವುದು ಸಿಕ್ಕರೆ ಅದು.

ಛಟ್ಟಿ ಅಮಾಸೆ ಕಳೆದ ಮೂರನೇ ದಿನ
ಕಾರಂಜಾ ಕಾಣಲಿಲ್ಲ.
ಕಟ್ಟೆಯಿಲ್ಲ, ತೂಬಿನ ಬಾಗಿಲಿಲ್ಲ,
ಎಂಟೂವರೆಯ ಬಸ್ಸು ಬರೀ ಹಾರನ್ನಾಗಿ ಬಂತು.
ಹಾಜರಿ ಕೂಗುವಾಗ ಝರೆಪ್ಪ ಇರಲಿಲ್ಲ.
ತಡವಾಗಿ ಬಂದ, ತಲೆತುಂಬ ಹನಿ,
ಅಂಗಿಯ ಚುಂಗನ್ನು ಉಡಿ ಮಾಡಿ ಹಿಡಿದು.

‘ಸರ್, ನಮ್ಮದು ಆಚಿ ದಂಡಿ.
ಬಿದ್ದದ್ರಿ.’

ಮೇಜಿನ ಮೇಲೆ ಸುರುವಿದ.
ತೊಗರಿ ಹೂ.
ಹಳದಿ, ಬೆನ್ನಿಗೆ ಕೆಂಪು ಗೆರೆ, ಒದ್ದೆ,
ಕಾಯಾಗದೆ ಕಳಚಿದ್ದು.
‘ಕರಿ ನೆಲಾ ಕಾಣಾವಲ್ದು. ಮೊಣಕಾಲುದ್ದ ಏನಿಲ್ರಿ,
ಹಿಮ್ಮಡ ಮುಚ್ಚತಾವ.’

ಯಾರೂ ನಗಲಿಲ್ಲ.
ಮಂಜು ಕೂತರೆ ಹೂ ನಿಲ್ಲುವುದಿಲ್ಲವೆಂಬುದು
ನಾನು ಕಲಿಸದೆಯೇ ಆ ನಲವತ್ತು ತಲೆಗೂ ಗೊತ್ತು.
ಹಿಂದಿನ ಬೆಂಚಿನಿಂದ ಯಾರೋ:
‘ಪರೀಕ್ಷಾದಾಗ ಇದನ್ನ ಬರದ್ರ ಮಾರ್ಕ್ಸ್ ಕೊಡ್ತಾರೇನ್ರಿ?’
ಬರಿ, ಎಂದೆ. ಕೊಡುವವರು ಬೀದರಿನವರಾದರೆ ಕೊಟ್ಟಾರು.

ಹತ್ತೂವರೆಗೆ ಬಿಸಿಲು ಬಿತ್ತು.
ಕಿಟಕಿಯಾಚೆ ನೀರು
ಏನೂ ಮಾಡದವರ ಹಾಗೆ
ಇನ್ನೂ ಬೆಚ್ಚಗೆ ಮಲಗಿತ್ತು.