ಎಂಟು ಪೀರಿಯಡ್ಡು

ನೋಟೀಸು ಬೋರ್ಡಿನ ಗಾಜಿನೊಳಗೆ
ನನ್ನ ಹೆಸರಿನ ಎದುರು
ಎಪ್ಪತ್ತಮೂರು ಬಿಂದು ಸೊನ್ನೆ ಆರು.
ಬೇಕಾದದ್ದು ಎಪ್ಪತ್ತೈದು.
ನಾನೂರ ಹನ್ನೆರಡರಲ್ಲಿ ಮುನ್ನೂರ ಒಂದು;
ಮುನ್ನೂರ ಒಂಬತ್ತಾಗಿದ್ದರೆ
ಈ ವರ್ಷದ ಹದಿನೆಂಟು ಸಾವಿರ ನನ್ನದು.
(ಸ್ಟ್ಯಾಟಿಸ್ಟಿಕ್ಸಿನಲ್ಲಿ ನನಗೆ ಎಂಬತ್ತೆರಡು.
ಈ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಡ.)

ಆಫೀಸಿನ ಗ್ರೆಟ್ಟಾ ಮಿಸ್ ಒಳ್ಳೆಯವರು.
ಕನ್ನಡಕ ಹಣೆಗೇರಿಸಿ ಹೇಳಿದರು:
"ಮಾರ್ಕಿಗೆ ತೊಂದರೆ ಇಲ್ಲ ಮಿಸ್ರಿಯಾ, ಅರವತ್ತರ ಮೇಲೆ ಉಂಟು.
ಹಾಜರಿಯದ್ದೇ. ಟ್ರಸ್ಟಿನವರು ಕೇಳುವುದಿಲ್ಲ ಮತ್ತೆ.
ಒಂದು ಮನವಿ ಕೊಡು, ಶುಕ್ರವಾರ ಹತ್ತು ಗಂಟೆಯ ಒಳಗೆ."
ಫಾರ್ಮಿನಲ್ಲಿ 'ಅನಿವಾರ್ಯ ಕಾರಣ' ಎಂಬಲ್ಲಿ
ನಾಲ್ಕು ಗೆರೆ.
ನಾಲ್ಕನೆಯದು ಅರ್ಧ. ಉಳಿದ ಜಾಗ ಸೀಲಿಗೆ.

ಬೆಂಗ್ರೆಯಿಂದ ಬಂದರಿಗೆ ನೀರಿನ ಮೇಲೆ ಏಳು ನಿಮಿಷ.
ಗಾಳಿ ಎದ್ದರೆ ಫೆರಿ ಕಟ್ಟುತ್ತಾರೆ;
ಆಗ ತಣ್ಣೀರುಬಾವಿ, ಕೂಳೂರು ಸೇತುವೆ ಸುತ್ತಿ
ಒಂದೂಕಾಲು ಗಂಟೆಯ ಬಸ್ಸು.
ಕಣ್ಣೆದುರೇ ಕಾಣುತ್ತದೆ ಪೇಟೆ,
ಧಕ್ಕೆಯ ಮಂಜುಗಡ್ಡೆ ಲಾರಿ, ಬಲೆ ಒಣಗಿಸುವ ಕಂಬ,
ಗುಡ್ಡದ ಮೇಲೆ ನಮ್ಮ ಕಾಲೇಜಿನ ನೀರಿನ ಟ್ಯಾಂಕಿ ಕೂಡ.
ಕಾಣುವುದಕ್ಕೆ ಹಾಜರಿ ಇಲ್ಲ.

ಮೊದಲ ಪೀರಿಯಡ್ಡು ಎಂಟು ಮುಕ್ಕಾಲಿಗೆ.
ನನ್ನ ರೋಲ್ ನಂಬರು ಒಂಬತ್ತು.
ಮೆಟ್ಟಿಲು ಹತ್ತುವಾಗಲೇ ಕೇಳುತ್ತಿರುತ್ತದೆ
ನಲವತ್ತೊಂದು, ನಲವತ್ತೆರಡು,
ಪ್ರೆಸೆಂಟ್ ಸರ್, ಪ್ರೆಸೆಂಟ್ ಸರ್.
ನನ್ನ ಜೊತೆಗೇ ಏದುಸಿರು ಬಿಡುತ್ತ ಬಂದ ನಿಕ್ಷಿತಾ,
ಎಪ್ಪತ್ತನೆಯವಳು,
ಬಾಗಿಲಲ್ಲೇ ನಿಂತು ಕೈ ಎತ್ತುತ್ತಾಳೆ.
ನನ್ನ ಒಂಬತ್ತು ದಡ ಬಿಟ್ಟು ಆಗಲೇ ದೂರ.

ರಾತ್ರಿ ಉಮ್ಮನಿಗೆ ಹೇಳಿದೆ.
ಮಡಿಲ ಮೇಲೆ ಮೊರ, ಮೊರದಲ್ಲಿ ಎಲೆ, ಕತ್ತರಿ, ನೂಲು.
ಪರ್ಸೆಂಟು ಎಂದರೆ ಏನೆಂದು ಬಿಡಿಸಬೇಕಾಗಲಿಲ್ಲ ಅವಳಿಗೆ.
ಬ್ರಾಂಚಿನಲ್ಲಿ ಚೆಕ್ಕರ್ ಕಟ್ಟು ಬಿಚ್ಚಿ
ಸಪೂರವಾದದ್ದು, ಬಾಯಿ ಸರಿ ಮುಚ್ಚದ್ದು
ಆಚೆ ಎಸೆಯುತ್ತಾನೆ;
ಸಾವಿರ ತುಂಬದಿದ್ದರೆ ಸಾವಿರದ ಮಜೂರಿ ಇಲ್ಲ.
ಎಸೆದ ಬೀಡಿ ವಾಪಸು ಕೊಡುವುದೂ ಇಲ್ಲ.
ಅದೂ ಸಂಜೆಗೆ ಯಾರದೋ ತುಟಿಯಲ್ಲಿ
ಸರಿಯಾಗಿಯೇ ಹೊತ್ತಿಕೊಳ್ಳುತ್ತದೆ, ಅದು ಅವಳಿಗೆ ಗೊತ್ತು.
ನೂಲು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದಳು:
"ನೀನು ಹೋದ ಮುನ್ನೂರ ಒಂದು ಉಂಟಲ್ಲ,
ಅದನ್ನು ಹಿಂದೆ ಕೊಡುತ್ತಾರಾ?"

ಇಲ್ಲ ಉಮ್ಮ, ಅದು ನನ್ನ ಹತ್ತಿರವೇ ಇದೆ.
ಸರಾಸರಿ, ಮಧ್ಯಾಂಕ, ಬಹುಲಕ,
ಕೊನೆಯ ಬೆಂಚಿನಡಿ ಒದ್ದೆ ಶಾಲು ಹಿಂಡಿದ ಗುಂಡಿ ನೀರು.
"ಹಾಗಾದರೆ ಬರೇ ಎಂಟಕ್ಕೆ ಎಂತ ಹೆದರುವುದು" ಅಂದಳು.
ಅಂದವಳ ತುಟಿ ಮಾತ್ರ ಅಲುಗುತ್ತಿತ್ತು:
ಹದಿನೆಂಟು ಸಾವಿರ ರೂಪಾಯಿಗೆ ಎಷ್ಟು ಸಾವಿರ ಬೀಡಿ.
ಅವಳಿಗಿಂತ ಮೊದಲು ಉತ್ತರ ಬಂದದ್ದು ನನಗೆ.
ಹೇಳಲಿಲ್ಲ.

ಅವಳಿಗೆ ಹೇಳದ್ದು ಇನ್ನೊಂದು ಉಂಟು.
ಎಲ್ಲವೂ ಗಾಳಿಯ ತಪ್ಪಲ್ಲ.
ಎರಡು ದಿನ ಫೆರಿ ಇತ್ತು, ಬಿಸಿಲಿತ್ತು, ಚೀಲದಲ್ಲಿ ಬುತ್ತಿಯೂ ಇತ್ತು.
ನಾನು ಹೋಗಲಿಲ್ಲ.
ಅಳಿವೆಯ ಕಲ್ಲಿನ ಮೇಲೆ ಕೂತು
ದೋಣಿಗಳು ಹೊರಗೆ ಹೋಗುವುದನ್ನು ನೋಡಿದೆ,
ಮಧ್ಯಾಹ್ನ ಬುತ್ತಿ ಬಿಚ್ಚಿ ಅಲ್ಲೇ ಉಂಡೆ.
ಯಾಕೆ ಅಂತ ಈಗಲೂ ಗೊತ್ತಿಲ್ಲ.
ಎರಡು ದಿನಕ್ಕೆ ಹತ್ತು ಪೀರಿಯಡ್ಡು.
ಎಂಟು ಸಾಕಿತ್ತು.

ಮೊದಲ ಗೆರೆಯಲ್ಲಿ ಫೆರಿ ಬರೆದೆ.
ಎರಡನೆಯದರಲ್ಲಿ ಜುಲೈ ತಿಂಗಳ ಗಾಳಿ, ತಾರೀಕು ಸಮೇತ.
ಮೂರನೆಯದರಲ್ಲಿ ರೋಲ್ ನಂಬರಿನ ಸಂಗತಿ;
ಓದಿದರೆ ನಗುತ್ತಾರೇನೋ, ಇರಲಿ.
ಅರ್ಧ ಗೆರೆಯಲ್ಲಿ ಆ ಎರಡು ದಿನ ಬರೆದೆ,
ಹೊಡೆದು ಹಾಕಿದೆ.
ಗ್ರೆಟ್ಟಾ ಮಿಸ್ಸಿನ ಸೀಲು
ಸರಿಯಾಗಿ ಅದರ ಮೇಲೆಯೇ ಬೀಳುವ ಹಾಗೆ ಉಂಟು.

ಇವತ್ತು ಶುಕ್ರವಾರ. ಏಳೂವರೆ.
ಫಾರ್ಮು ಪ್ಲಾಸ್ಟಿಕ್ ಕವರಿನಲ್ಲಿ, ಕವರು ಎದೆಗೆ.
ಜೆಟ್ಟಿಯಲ್ಲಿ ಹಗ್ಗ ಬಿಚ್ಚಿಲ್ಲ ಇನ್ನೂ.
ಫೆರಿ ಬಿಡುತ್ತೀರಾ ಅಂತ ಕೇಳಿದೆ.
ಹಮೀದಾಕ ಆಕಾಶ ನೋಡಲಿಲ್ಲ, ನೀರು ನೋಡಿದರು,
ನನ್ನ ಕೈಯ ಕಾಗದ ನೋಡಿದರು.
"ನೋಡುವ" ಅಂದರು.