ಪಕ್ಕೆಲುಬಿನ ಕಡೆ

ಬೇಲಿ ಎದ್ದು ಹೊಲ ಮೇಯ್ದದ್ದು ಹಳೆಯ ಮಾತು.
ಡನೀಡಿನ್ನಿನ ಈ ಇಳಿಜಾರು ಬೀದಿಯಲ್ಲಿ
ಬೇಲಿಯೇ ಎದ್ದು ಬಿಲ್ಲು ಕಳಿಸಿತು:
ಐಲ್ಸಾ ಗೆಡ್ಡಿಸ್, ಹದಿನಾಲ್ಕನೇ ನಂಬರು,
ನಿಮ್ಮ ಅರ್ಧ ಪಾಲು
ಎರಡು ಸಾವಿರದ ಮುನ್ನೂರ ನಲವತ್ತು ಡಾಲರು,
ಆದರೆ ತಿಂಗಳ ಕೊನೆಯೊಳಗೆ.
ಚಿಯರ್ಸ್, ಮರ್ವ್.

ಒಂಬತ್ತು ದಿನ ಆಸ್ಪತ್ರೆ.
ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡು
ಟ್ಯಾಕ್ಸಿಯಿಂದ ಒಂದೊಂದೇ ಕಾಲು ಇಳಿಸಿದಾಗ
ಅಂಗಳ ಯಾರದೋ ಅನ್ನಿಸಿತು.
ಎಡಕ್ಕೆ ಆಳೆತ್ತರದ ಹಸಿ ಪೈನು,
ರಾಳದ ವಾಸನೆ, ಮೊಳೆಗಳ ಹೊಳಪು.
ಹಳೆಯದೆಲ್ಲಿ?
ಮನೆಯ ಜೊತೆಗೇ ಬಂದಿದ್ದ ಬೇಲಿ,
ಅಲ್ಲೊಂದು ಇಲ್ಲೊಂದು ಹಲ್ಲುದುರಿ
ಪಾಚಿಗಟ್ಟಿ, ದಕ್ಷಿಣದ ಗಾಳಿಗೆ
ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು.
ನಿಂತಂತೂ ಇತ್ತು.
ಆಚೆಮನೆಯ ಚಿಮಣಿಯಲ್ಲಿ ಹೊಗೆ. ಮೂಸಿದಳು.
ಮ್ಯಾಕ್ರೊಕಾರ್ಪ.
ಉತ್ತರ ಸಿಕ್ಕಿತು.

ಇನ್ನೂ ಒಂದು:
ನುಣುಪು ಮುಖ ಅವನ ಕಡೆ.
ಇವಳ ಕಡೆಗೆ ಕಂಬ, ಅಡ್ಡಪಟ್ಟಿ,
ಗರಗಸದ ಗೀರು, ಪೆನ್ಸಿಲಿನ ಲೆಕ್ಕ,
ಎಣಿಸಬಹುದಾದ ಪಕ್ಕೆಲುಬು.
ಅರ್ಧ ದುಡ್ಡು ತೆತ್ತು
ಬೆನ್ನು ನೋಡುತ್ತ ಕೂರಬೇಕು.

ಮೂವತ್ತೊಂದು ವರ್ಷ ಶಾಲೆಯ ಹಲ್ಲಿನ ದಾದಿ.
ಗುಡ್ಡದ ಮೇಲಿನ ಆ ಬಿಳಿ ಕೋಣೆಗೆ
ಮಕ್ಕಳಿಟ್ಟ ಹೆಸರು ಕೊಲೆಮನೆ. ಇರಲಿ.
ಆದರೆ ತಾಯಿಯ ಸಹಿಯಿಲ್ಲದೆ
ಅಲ್ಲಾಡುವ ಹಾಲುಹಲ್ಲನ್ನೂ ಕಿತ್ತವಳಲ್ಲ.
ಚೀಟಿ ತಾ, ನಾಳೆ ಬಾ,
ಎಂದು ಬಾತ ಕೆನ್ನೆಗಳನ್ನೂ ಮನೆಗೆ ಕಳಿಸಿದವಳು.

ಊರುಗೋಲಲ್ಲೇ ಲೈಬ್ರರಿಗೆ ಹೋಗಿ ಕಾಯಿದೆ ತೆಗೆಸಿದಳು.
ಮೊದಲು ನೋಟಿಸು. ಆಮೇಲೆ ಇಪ್ಪತ್ತೊಂದು ದಿನ.
ಬಂದು ಬರೆದಳು, ಹಲ್ಲಿನ ಚಾರ್ಟಿನ ಪುಟ್ಟ ಅಕ್ಷರದಲ್ಲಿ:
ನೀನು ಕೇಳಲಿಲ್ಲ.
ನಾನು ಹೂಂ ಅನ್ನಲಿಲ್ಲ.
ಇದರ ಅರ್ಧ ಎಷ್ಟೆಂದು ನೀನೇ ನೋಡು.

ಮೂರು ವಾರ ಮಾತಿಲ್ಲ.
ಸೋಮವಾರ ರಾತ್ರಿ ಮಾತ್ರ
ಅವಳ ಕಸದ ಡಬ್ಬಿ ತಾನೇ ಉರುಳಿ ಬೀದಿಗೆ ಹೋಗುತ್ತದೆ,
ಮಂಗಳವಾರ ಖಾಲಿಯಾಗಿ ಬಾಗಿಲಿಗೆ ಬರುತ್ತದೆ.
ಅದನ್ನೂ ಅವಳು ಕೇಳಿರಲಿಲ್ಲ.
ಪರದೆಯ ಸಂದಿಯಿಂದ ನೋಡಿ
ಸಿಟ್ಟನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಳು.

ಕೊನೆಗೆ ಬಂದ, ಬೂಟಿಗೆಲ್ಲ ಮಣ್ಣು,
ಕಂಕುಳಲ್ಲಿ ಕಪ್ಪು ನಾಯಿಮರಿ.
ಇದು ನೋಡಿ, ನಿಮ್ಮ ಆ ಸಂದಿಯಿಂದ ನುಗ್ಗಿ
ಬೀದಿಗೆ ಬಿತ್ತು, ಬಸ್ಸಿಗೆ ಕೂದಲೆಳೆಯಲ್ಲಿ ತಪ್ಪಿತು.
ನೀವಿರಲಿಲ್ಲ. ಯಾರನ್ನು ಕೇಳಲಿ?
ಆಸ್ಪತ್ರೆಯಲ್ಲಿ ಫೋನಿರುತ್ತದೆ ಮರ್ವಿನ್.
ಏನೋ ಹೇಳಲು ಅವನು ಬಾಯಿ ತೆರೆದ.
ಕೆಳಗೆ, ಎಡಗಡೆ, ದವಡೆಯಲ್ಲಿ
ಬೂದುಬಣ್ಣದ ಒಂದು ತುಂಬು.
ಅಂಚು ಒಂದಿಷ್ಟೂ ಎದ್ದಿಲ್ಲ.
ಮರ್ವಿನ್ ಟಾಪ್ಸೆಲ್, ಏಳು ವರ್ಷ,
ಅವಳ ಹೆಬ್ಬೆರಳು ಕಚ್ಚಿದವನು.

ಅದು ನನ್ನ ಕೆಲಸ, ಬಾಯಿ ಜಾರಿತು,
ಅದಕ್ಕೆ ನಾನು ಬಿಲ್ಲು ಕಳಿಸಲಿಲ್ಲ.
ನಾನೂ ಕೇಳಿರಲಿಲ್ಲ, ಅಂದ.
ನಿನ್ನಮ್ಮ ಸಹಿ ಹಾಕಿದ್ದಳು.
ಅಮ್ಮ ಹಾಕಿದಳು.
ನನ್ನನ್ನು ಯಾರು ಕೇಳಿದರು?

ಅಷ್ಟರಲ್ಲಿ ಕೆಟಲ್ ಕೂಗಿತು.
ಇಬ್ಬರೂ ಅತ್ತ ತಿರುಗಿದರು.
ಮರಿ ಚಾಪೆಯ ಮೇಲೆ ಉಚ್ಚೆ ಹೊಯ್ಯಿತು.

ಆರುನೂರು ಕೊಟ್ಟಳು. ಕಂಬಗಳಿಗೆ ಮಾತ್ರ,
ಹಲಗೆಗಲ್ಲ, ಎಂದು ಬರೆದು
ಕೆಳಗೆ ಸಹಿ ಹಾಕಿಸಿಕೊಂಡಳು.
ಉಳಿದದ್ದರ ಮಾತು ಅವನು ಎತ್ತಿಲ್ಲ,
ಬಿಟ್ಟೆನೆಂದೂ ಹೇಳಿಲ್ಲ.
ಸಿಕ್ಕಾಗ ಇಬ್ಬರೂ ಗಾಳಿಯನ್ನು ಬೈಯುತ್ತಾರೆ.

ನವೆಂಬರು. ಬಿಸಿಲು ಬೇಲಿಯ ಈ ಮಗ್ಗುಲಿಗೆ ಬಂದಿದೆ.
ಅಡ್ಡಪಟ್ಟಿಯ ಮೇಲೆ, ತುದಿಯಿಂದ ತುದಿಗೆ,
ಮೊಸರಿನ ಡಬ್ಬಗಳಲ್ಲಿ ಟೊಮೆಟೊ ಸಸಿ.
ನುಣುಪು ಮುಖವಾಗಿದ್ದರೆ
ಒಂದೂ ನಿಲ್ಲುತ್ತಿರಲಿಲ್ಲ.
ಇದನ್ನು ಮಾತ್ರ
ಅವಳು ಅವನಿಗೆ ಹೇಳಿಲ್ಲ.