ಕಾಲಂ ಹನ್ನೊಂದು

ನ್ಯಾಯಾಲಯ ಕೇಳಿದ್ದು ಒಂದು ವರದಿ:
ತಪ್ಪು ರುಜುವಾತಾಗಿದೆ, ಶಿಕ್ಷೆ ಬಾಕಿ,
ಈ ಮನುಷ್ಯನಲ್ಲಿ ಉಳಿಸಿಕೊಳ್ಳುವಂಥದ್ದು
ಏನಾದರೂ ಇದೆಯೇ?
ಹದಿನಾಲ್ಕು ದಿನ ಗಡುವು.
ನಮೂನೆಯಲ್ಲಿ ಹನ್ನೊಂದು ಕಾಲಂ.

ಕೌಲ್ ಬಜಾರಿನ ಗಲ್ಲಿಗೆ ನಾನು ಹೋದಾಗ
ಚರಂಡಿ ನೀಲಿಯಾಗಿ ಹರಿಯುತ್ತಿತ್ತು,
ಜೀನ್ಸ್ ತೊಳೆದ ನೀರು.
ಮೇಕೆಯೊಂದರ ಗಡ್ಡವೂ ನೀಲಿ.
ಯರ್ರಿಸ್ವಾಮಿಯ ಮನೆ ಯಾವುದು ಎಂದೆ,
ಸಾಲಿನ ಮಿಷನ್ನುಗಳೆಲ್ಲ ಒಮ್ಮೆಗೇ ನಿಂತವು.

ಅವನು ಕಾಜಾ ಹೊಡೆಯುತ್ತಿದ್ದವನು.
ದಿನಕ್ಕೆ ಎಂಟುನೂರು ತೂತು.
ಒಂದು ರಾತ್ರಿ ಮಾಲೀಕ ಗಾದಿಲಿಂಗಪ್ಪನನ್ನು,
ಎದ್ದು ಕೂತ ಒಂಬತ್ತರ ಮಗಳನ್ನು,
ಬಟ್ಟೆ ಕೊಯ್ಯುವ ಕತ್ತರಿಯಿಂದ.
ಇದು ನಮೂನೆಯಲ್ಲಿ ಬೇಕಿಲ್ಲ.
ಇದು ಆಗಲೇ ಮುನ್ನೂರು ಪುಟ ಇದೆ.

ಶಾಲೆಯ ರಿಜಿಸ್ಟರಿನಲ್ಲಿ ಒಂದೇ ಸಾಲು:
ಬಿಟ್ಟ ಕಾರಣ, ಗೈರು.
ಉಚಿತ ನೆರವಿನ ವಕೀಲರು
ಅವನನ್ನು ಕಂಡದ್ದು ವರಾಂಡದಲ್ಲಿ, ಎರಡು ಸಲ.
ನಾಲ್ಕು ಸಾಕ್ಷಿಗಳ ಹೇಳಿಕೆಯ ಕೆಳಗೆ
ಒಂದೇ ಷರಾ: ಪಾಟೀಸವಾಲು ಇಲ್ಲ.
ಪಾಟೀಸವಾಲು ಇಲ್ಲ.
ಇಲ್ಲ.
ಇಲ್ಲ.

ರಾಯಚೂರಿನ ನನ್ನ ಜೊತೆಗಾರ ಫೋನಿನಲ್ಲಿ ಹೇಳಿದ:
ಅಲ್ಲೂ ಇಬ್ಬರು ಸತ್ತವರು, ಅಲ್ಲೂ ದುಡ್ಡಿನ ಆಸೆ,
ಆದರೆ ಅಣ್ಣ ಧಾರವಾಡದಿಂದ ವಕೀಲರನ್ನು ಕರೆತಂದ,
ಡಾಕ್ಟರ ಪತ್ರ, ಬಾಲ್ಯದ ಫೋಟೋ,
ಒಟ್ಟು ನಲವತ್ತು ಪುಟ. ಜೀವಾವಧಿ.
ಅದೇ ಕಲಂ, ಅದೇ ಕಾನೂನಿನ ಪುಸ್ತಕ,
ಎರಡೂ ಊರಲ್ಲಿ ಅದರ ಬೆನ್ನು ಹರಿದದ್ದು ಒಂದೇ ಕಡೆ.
ಅಪರೂಪದಲ್ಲಿ ಅಪರೂಪ ಎನ್ನುತ್ತಾರಲ್ಲ,
ಕೊಲೆಯೋ ವಕೀಲನೋ ಎಂದು ಕೇಳಬೇಕೆನಿಸಿತು.
ಸರಕಾರಿ ನೌಕರ, ಕೇಳಲಿಲ್ಲ.

ಜೈಲಿನಲ್ಲಿ ಅವನು ನನ್ನ ಮುಖ ನೋಡಲಿಲ್ಲ.
ನಿನ್ನ ಬಗ್ಗೆ ಏನು ಬರೀಲಿ?
'ಮಾಡಿದ್ದು ನಾನೇ ಸಾರ್. ಅದನ್ನ ಬರ್ದಾರಲ್ಲ.'
ಬಹಳ ಹೊತ್ತಿನ ಮೇಲೆ ನನ್ನ ಅಂಗಿ ನೋಡಿ,
'ಮೂರನೇ ಕಾಜಾ ಬಿಚ್ಚೈತೆ.
ಇನ್ನೆರಡು ಒಗೆತಕ್ಕೆ ಹರೀತೈತೆ.'

ಎದುರು ಮನೆಗೆ ಹೋಗಬೇಕೆಂದು ನಿಯಮವಿಲ್ಲ.
ಹೋದೆ. ಸುಂಕ್ಲಮ್ಮ ನೀರು ಕೊಟ್ಟಳು.
'ಅವ ಏನು ತಿಂತಿದ್ದ, ಯಾರು ಹೊಡೀತಿದ್ರು,
ಎಲ್ಲ ಕೇಳ್ಕಂಡು ಬರ್ತೀರಿ.
ನನ್ನ ಮಗ್ಳು ಏನು ತಿಂತಿದ್ಲು ಅಂತ
ಒಬ್ರೂ ಕೇಳ್ಲಿಲ್ಲ.'
ಕೇಳಿದೆ.
'ಒಗ್ಗರಣೆ. ಶೇಂಗಾ ಮಾತ್ರ ಆರಿಸಿ ಆರಿಸಿ
ತಟ್ಟೆ ಅಂಚಿಗಿಡ್ತಿದ್ಲು, ಕೊನೆಗೆ ತಿನ್ನಾಕೆ.'
ನಮೂನೆಯ ಹಿಂದುಗಡೆ ಬರೆದುಕೊಂಡೆ.
ಗಲ್ಲಾಗಬೇಕಾ ಎಂದು ನಾನು ಕೇಳಲಿಲ್ಲ,
ಅವಳೇ ಹೇಳಿದಳು: 'ಆಗ್ಲಿ.'
ಆಮೇಲೆ ಬಾಗಿಲ ಕಡೆ ತಿರುಗಿ,
'ಆಕೆ ರಾತ್ರಿಯೆಲ್ಲ ದಾರ ಕತ್ತರಿಸ್ತಾಳ,
ಕಟ್ ಕಟ್ ಕಟ್,
ಅದು ನಿಂತ್ರೂ ನಂಗೆ ನಿದ್ದಿ ಬರಲ್ಲ.'

ಗಲ್ಲಿಗೆ ಒಂದೇ ನಲ್ಲಿ, ಹತ್ತು ದಿನಕ್ಕೊಮ್ಮೆ ನೀರು.
ಇಬ್ಬರೂ ಮಾತಾಡುವುದಿಲ್ಲ.
ಸಾಲಿನಲ್ಲಿ ಕೊಡಗಳು ಮಾತ್ರ
ಒಂದಕ್ಕೊಂದು ತಾಗಿ ನಿಂತಿದ್ದವು.

ವನ್ನೂರಮ್ಮನ ಬಳಿ ಕೊನೆಗೆ ಹೋದೆ.
ನಿನ್ನ ಮಗ ಒಳ್ಳೇದೇನಾದರೂ ಮಾಡಿದ್ದುಂಟಾ?
ನೀಲಿ ಬೆರಳಿನಿಂದ ನೆಲ ಕೆರೆಯುತ್ತ ಕೂತಳು.
ಸುಳ್ಳು ಹೇಳಲು ಅಷ್ಟು ಹೊತ್ತು ಬೇಕಿರಲಿಲ್ಲ.
'ಮೊದಲ್ನೇ ಪಗಾರದಾಗ ಚಪ್ಲಿ ತಂದಿದ್ದ.
ಅಳತಿ ಸಣ್ಣದಾತು.
ವಾಪಸ್ ಕೊಟ್ರೆ ಬ್ಯಾಸರ ಮಾಡ್ಕಂತಾನಂತ
ಹಿಮ್ಮಡ ಹೊರಗಿಟ್ಟು ಹಂಗೇ ಮೆಟ್ದೆ.'
ಕಾಲು ಮುಂದೆ ಚಾಚಿದಳು.
ಹೌದು, ಒಂದು ಬೆರಳು ಸಣ್ಣದು.

ಕಾಲಂ ಹನ್ನೊಂದು,
ಶಿಕ್ಷೆ ತಗ್ಗಿಸಬಹುದಾದ ಇತರೆ ಸಂಗತಿ:
ಚಪ್ಪಲಿ, ಎಂದು ಬರೆದೆ.

ಮೂರನೇ ದಿನ ಕಡತ ಮರಳಿ ಬಂತು,
ಕೆಂಪು ಶಾಯಿಯಲ್ಲಿ ಆಕ್ಷೇಪಣೆ:
ಪೂರಕ ದಾಖಲೆ ಲಗತ್ತಿಸಿಲ್ಲ.

ಮತ್ತೆ ಹೋಗಿ ಕೇಳಿದೆ,
ಕೊಡ್ತೀಯೇನಮ್ಮ, ನಾಲ್ಕು ದಿನ?
ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.
'ಕೊಟ್ರೆ, ನಾಳೆ ಅವನ್ನ ನೋಡಾಕೆ
ಜೈಲಿಗೆ ಏನು ಮೆಟ್ಕಂಡು ಹೋಗ್ಲಿ?'